ಮೂರ್ಛೆ ಹೋದವನ ಕಿವಿ

ಎಲ್ಲಕ್ಕೂ ಮೂಲ ಒಂದು ಬೆಣ್ಣೆಹಣ್ಣು.

ಭಾನುವಾರ ಬೆಳಿಗ್ಗೆ ನೋರೀನ್ ಅಡುಗೆಮನೆ ಕಿಟಕಿಯಿಂದ ತಲೆ ಹೊರಹಾಕಿ, "ಡೆಲ್, ಮರದ ತುದೀಲಿ ಒಂದು ಹಣ್ಣು ಬಲಿತಿದೆ ನೋಡು. ಅಳಿಲು ಬಾಯಿ ಹಾಕೋಕೆ ಮುಂಚೆ ಕಿತ್ಕೊಡು" ಅಂದಳು.

ಡೆಲ್ಬರ್ಟ್ ಸ್ಟೋಕ್ ವಾರದ ಆರು ದಿನ ಬೂಟಿನಂಗಡಿಯಲ್ಲಿ ಮಂಡಿಯೂರಿ ಊರವರ ಪಾದ ಅಳೆಯುವವನು. ಏಳನೆಯ ದಿನವಾದರೂ ಮುಖ ಎತ್ತಿ ಮೇಲೆ ನೋಡುವ ಕೆಲಸ ಸಿಕ್ಕಿತಲ್ಲ ಎಂದು ಖುಷಿಯಾಗಿಯೇ ಏಣಿ ಹತ್ತಿದ. ಏಣಿ ಗಟ್ಟಿಯಾಗಿತ್ತು. ಏಣಿ ಬಿಟ್ಟು ಅವನು ಕಾಲಿಟ್ಟ ಕೊಂಬೆ ಗಟ್ಟಿಯಿರಲಿಲ್ಲ.

ಬಿದ್ದದ್ದೇನೋ ಮೆತ್ತಗಿನ ಜಾಗಕ್ಕೇ. ಮೂಳೆ ಮುರಿಯಲಿಲ್ಲ, ಚರ್ಮ ತರಚಲಿಲ್ಲ. ಆದರೆ ಆ ಮೆತ್ತಗಿನ ಜಾಗ ಮಿಸೆಸ್ ಮ್ಯಾಗರ್ ಅವರ ಬೆಗೋನಿಯಾ ಪಾತಿಯಾಗಿತ್ತು. ಟ್ವೈಲಾ ಮ್ಯಾಗರ್ ಅಂದರೆ ಆ ವಠಾರದ ಒಡತಿ, ಗಂಡ ಸತ್ತ ಮೇಲೆ ತನ್ನ ಪ್ರೀತಿಯನ್ನೆಲ್ಲ ಆ ಪಾತಿಗೆ, ಸಿಟ್ಟನ್ನೆಲ್ಲ ಬಾಡಿಗೆದಾರರಿಗೆ ಹಂಚಿಕೊಟ್ಟವರು. ಡೆಲ್ಬರ್ಟ್ ಎದ್ದು ನೋಡುವಷ್ಟರಲ್ಲಿ ಪಾತಿ ಎಮ್ಮೆ ಹೊರಳಾಡಿದ ಕೆರೆಯಂಚಿನ ಹಾಗೆ ಆಗಿತ್ತು. ಅವರ ಮನೆಯ ಜಾಲರಿ ಬಾಗಿಲು ದಢಾರನೆ ತೆರೆದ ಸದ್ದೂ ಕೇಳಿಸಿತು.

ಧೈರ್ಯಸ್ಥನಾಗಿದ್ದರೆ ಎದ್ದು ನಿಂತು ಕ್ಷಮೆ ಕೇಳುತ್ತಿದ್ದ. ಜಾಣನಾಗಿದ್ದರೆ ಓಡುತ್ತಿದ್ದ. ಡೆಲ್ಬರ್ಟ್ ಇವೆರಡೂ ಅಲ್ಲವಾದ್ದರಿಂದ ಮತ್ತೆ ಮಲಗಿ ಕಣ್ಣು ಮುಚ್ಚಿಕೊಂಡ.

"ಅಯ್ಯೋ! ಹಾಳಾದವನೇ! ನನ್ನ ಹೂವು! ನಿನ್ನ ಕೈಕಾಲು ಮುರಿದುಹೋಗ..."

ಮಿಸೆಸ್ ಮ್ಯಾಗರ್ ಮಾತು ಅಲ್ಲಿಗೇ ನಿಂತಿತು. ಅಲುಗಾಡದೆ ಬಿದ್ದಿದ್ದ ಡೆಲ್ಬರ್ಟನನ್ನು ಕಂಡು ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಬೇರೆ ಯಾವ ವಠಾರವಾಗಿದ್ದರೂ ಈಗ "ಸತ್ತೇಹೋದ! ಡಾಕ್ಟರನ್ನ ಕರೀರಿ!" ಎಂದು ಕೂಗಾಟ ಏಳುತ್ತಿತ್ತು. ಈ ವಠಾರದಲ್ಲಿ ಹಾಗಾಗಲಿಲ್ಲ. ಪಕ್ಕದ ಮನೆಯ ರಾಸ್ಕೋ ಬೀಲ್ ಮುಖಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡೇ ಓಡಿಬಂದು ತುಟಿಯ ಮೇಲೆ ಬೆರಳಿಟ್ಟ. ನೋರೀನ್ ಕೈಯೊರೆಸುವ ಬಟ್ಟೆ ಹಿಡಿದು ಬಂದು, ಗಂಡನನ್ನು ನೋಡಿ ಬಾಯಿ ತೆರೆದು, ಬೀಲ್‌ನ ಬೆರಳು ನೋಡಿ ಬಾಯಿ ಮುಚ್ಚಿದಳು. ಮೂರೂ ಜನ ಅವನ ಸುತ್ತ ಸಮಾಧಿಯ ಮುಂದೆ ನಿಂತವರಂತೆ ಮೌನವಾಗಿ ನಿಂತರು. ಮಿಸೆಸ್ ಮ್ಯಾಗರ್ ಅವರ ನಾಯಿ ಬೊಗಳಿತು. ಬೀಲ್ ಅದಕ್ಕೂ ಬೆರಳು ತೋರಿಸಿದ.

ಈ ಮೌನಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ, ಅಗ್ಗದ ಮಾಸಪತ್ರಿಕೆಗಳಿಗೆ ನಕ್ಷತ್ರಲೋಕದ ಕತೆ ಬರೆಯುತ್ತಿದ್ದ ಒಬ್ಬರು ಮನಸ್ಸಿನ ಗಾಯ ಮಾಯಿಸುವ ವಿದ್ಯೆಯೊಂದನ್ನು ದಪ್ಪ ಪುಸ್ತಕವಾಗಿ ಹೊರತಂದಿದ್ದರು. ಆ ಬೇಸಿಗೆ ದೇಶದಲ್ಲಿ ಸೋಫಾ ಇದ್ದವರೆಲ್ಲ ಇನ್ನೊಬ್ಬರನ್ನು ಅದರ ಮೇಲೆ ಮಲಗಿಸಿ ಹಳೆಯ ನೆನಪು ಕೆದಕಿದವರೇ. ಆ ಪುಸ್ತಕದ ಪ್ರಕಾರ ಮನುಷ್ಯನಿಗೆ ಯೋಚನೆ ಮಾಡುವ ಮನಸ್ಸೊಂದು, ಅದರ ಅಡಿಯಲ್ಲಿ ಎಂದೂ ನಿದ್ದೆ ಮಾಡದ ಇನ್ನೊಂದು. ಪೆಟ್ಟು ಬಿದ್ದು ಎಚ್ಚರ ತಪ್ಪಿದಾಗ ಮೇಲಿನದು ಮಲಗುತ್ತದೆ, ಅಡಿಯದು ಮಾತ್ರ ಸುತ್ತ ಆಡಿದ ಒಂದೊಂದು ಮಾತನ್ನೂ ಅಚ್ಚೊತ್ತಿಕೊಳ್ಳುತ್ತದೆ. ಆಮೇಲೆ ಆ ಮಾತೇ ಆಜ್ಞೆಯಾಗಿ ಮನುಷ್ಯನನ್ನು ಜೀವನಪೂರ್ತಿ ಮೂಗುದಾರ ಹಾಕಿ ಎಳೆಯುತ್ತದೆ. ಅದಕ್ಕೇ ಪೆಟ್ಟಾದವರ ಹತ್ತಿರ ಪಿಟ್ಟೆನ್ನಬಾರದು. ಆ ಅಚ್ಚುಗಳನ್ನು ಒಂದೊಂದಾಗಿ ಅಳಿಸಿಕೊಂಡವನು ಕ್ಲಿಯರ್, ಅಂದರೆ ತಿಳಿನೀರು.

ಬೇರೆ ಕಡೆ ಆ ಹುಚ್ಚು ಇಳಿಯಿತು. ಈ ವಠಾರದಲ್ಲಿ ಬೇರು ಬಿಟ್ಟಿತು. ಈ ವರ್ಷದ ಆರಂಭದಲ್ಲಂತೂ, ಇದೇ ಲಾಸ್ ಏಂಜಲೀಸ್ ಊರಿನಲ್ಲಿ, ಅದಕ್ಕೆ ಸೈಂಟಾಲಜಿ ಎಂಬ ಹೆಸರಿನಲ್ಲಿ ಚರ್ಚೂ ಆಗಿತ್ತು. ಆ ಚರ್ಚು ಬೀಲ್‌ಗೆ ಯಾವ ಹುದ್ದೆಯನ್ನೂ ಕೊಟ್ಟಿರಲಿಲ್ಲ. ವಿಮಾನದ ಕಾರ್ಖಾನೆಯಿಂದ ನಿವೃತ್ತನಾದ ಅವನು ಓದಿ, ಕೇಳಿ, ಸುಳ್ಳಿಗೂ ದುಗುಡಕ್ಕೂ ಸೂಜಿ ಕುಣಿಸುವ ಮೀಟರೊಂದನ್ನು ತಾನೇ ಕಟ್ಟಿಕೊಂಡು, ಗುರುವಾರ ಸಂಜೆ ವಠಾರದವರನ್ನು ಕೂಡಿಸುತ್ತಿದ್ದ. "ನೀನು ಈ ಮೈ ಅಲ್ಲ ಕಣಯ್ಯಾ, ಈ ಮನಸ್ಸೂ ಅಲ್ಲ. ನೀನೊಬ್ಬ ಥೇಟನ್, ಸಾವಿಲ್ಲದ ಚೇತನ. ಎಷ್ಟೋ ಜನ್ಮದಿಂದ ಬರ್ತಾ ಇದ್ದೀಯ" ಎಂದು ಡೆಲ್ಬರ್ಟನಿಗೆ ಹಲವು ಸಲ ಹೇಳಿದ್ದ. "ಈ ಒಂದು ಜನ್ಮದಲ್ಲೇ ಬೆನ್ನು ಹಿಡ್ಕೊಂಡಿದೆ ಮಿಸ್ಟರ್ ಬೀಲ್, ಹಿಂದಿನವೂ ಯಾಕೆ ಬೇಕು" ಎಂದು ಡೆಲ್ಬರ್ಟ್ ಜಾರಿಕೊಳ್ಳುತ್ತಿದ್ದ. ಮಿಸೆಸ್ ಮ್ಯಾಗರ್‌ಗೆ ಮಾತ್ರ ಹಿಂದಿನ ಒಂದು ಜನ್ಮದಲ್ಲಿ ತಾವು ನೌಕಾಪಡೆ ನಡೆಸಿದ್ದು ನೆನಪಾಗಿತ್ತು. ವಠಾರದಲ್ಲಿ ಅದನ್ನು ಅನುಮಾನಿಸಿದವರು ಯಾರೂ ಇಲ್ಲ.

ನೋರೀನ್ ಆ ಗುರುವಾರದ ಕೂಟಕ್ಕೆ ಸೇರಿಕೊಂಡು ಮೂರು ತಿಂಗಳಾಗಿತ್ತು. ಮೊದಲ ದಿನ ಅವಳು "ಆಡಿಟರ್ ಹತ್ರ ಹೋಗ್ತಿದ್ದೀನಿ" ಅಂದಾಗ ಡೆಲ್ಬರ್ಟ್ ಗಾಬರಿಯಿಂದ ತೆರಿಗೆ ಕಾಗದ ಹುಡುಕತೊಡಗಿದ್ದ.

"ಆ ಆಡಿಟರ್ ಅಲ್ಲ ಡೆಲ್. ಇಲ್ಲಿ ಆಡಿಟರ್ ಅಂದ್ರೆ ಕೇಳಿಸ್ಕೊಳ್ಳೋನು ಅಂತ."

"ಏನು ಕೇಳಿಸ್ಕೋತಾನೆ?"

"ಹೇಳಿದ್ದೆಲ್ಲಾ."

"ಓಹೋ" ಅಂದು ಅವನು ಸಂಜೆಪತ್ರಿಕೆಯ ಹಾಳೆ ತಿರುಗಿಸಿದ್ದ.

ಈಗ ಪಾತಿಯಲ್ಲಿ ಮಲಗಿ ಡೆಲ್ಬರ್ಟ್ ಯೋಚಿಸಿದ: ಇನ್ನೊಂದು ಗಳಿಗೆ ಹೀಗೇ ಇದ್ದು, ನರಳಿ, ಎದ್ದರಾಯಿತು. ಮೂರ್ಛೆ ಹೋದವನನ್ನು ಯಾರೂ ಬೈಯುವುದಿಲ್ಲ.

ಅಷ್ಟರಲ್ಲಿ ಬೀಲ್ ಕೈಸನ್ನೆ ಮಾಡಿ ಕಂಬಳಿ ತರಲು ಹೋದ. ನೋರೀನ್ ಒದ್ದೆ ಬಟ್ಟೆ ತರಲು ಓಡಿದಳು. ಉಳಿದವರು ಮಿಸೆಸ್ ಮ್ಯಾಗರ್ ಒಬ್ಬರೇ. ಅವರು ಅತ್ತ ನೋಡಿದರು, ಇತ್ತ ನೋಡಿದರು. ಮಂಡಿ ಸದ್ದು ಮಾಡುವಂತೆ ಕೆಳಗೆ ಕೂತು, ಡೆಲ್ಬರ್ಟನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು:

"ನೀನು ನನ್ನ ಚಾವಣಿಗೆ ಡಾಂಬರು ಹಚ್ಚುತ್ತೀಯ. ನಗುನಗುತ್ತಾ ಹಚ್ಚುತ್ತೀಯ."

ಡೆಲ್ಬರ್ಟನ ಕಾಲ್ಬೆರಳು ಬೂಟಿನೊಳಗೆ ಮುದುಡಿಕೊಂಡಿತು. ಹೀಗೂ ಉಂಟೇ! ಮೂರ್ಛೆ ಹೋದವನ ಕಿವಿಯಲ್ಲಿ ಮಾತು ಬಿತ್ತುವುದು ಇವರ ಪಂಥದಲ್ಲಿ ಮಹಾಪಾಪ ಎಂದು ಅವನಿಗೇ ಗೊತ್ತಿತ್ತು.

ಬೀಲ್ ಕಂಬಳಿ ತಂದ. ನಾಯಿ ಮತ್ತೆ ಬೊಗಳಿದ್ದರಿಂದ ಮಿಸೆಸ್ ಮ್ಯಾಗರ್ ಅದನ್ನು ಒಳಗೆ ಎಳೆದುಕೊಂಡು ಹೋದರು. ಬೀಲ್ ಕಂಬಳಿ ಹೊದಿಸಿದ, ಅಂಚು ಸರಿಮಾಡಿದ, ಮತ್ತೆ ಸರಿಮಾಡಿದ. ಆಮೇಲೆ ಸಾಬೂನಿನ ವಾಸನೆಯೊಂದು ಡೆಲ್ಬರ್ಟನ ಕಿವಿಯ ಹತ್ತಿರ ಬಂತು.

"ನೀನು ನನ್ನ ಮಾತನ್ನ ಕೊನೇ ತನಕ ಕೇಳ್ತೀಯ ಕಣಯ್ಯಾ" ಅಂತು ಅದು, ನಡುಗುವ ದನಿಯಲ್ಲಿ. "ಮಧ್ಯ ಗಡಿಯಾರ ನೋಡಲ್ಲ. ಆಕಳಿಸಲ್ಲ. ನಾನು ಎಲ್ಲರದ್ದೂ ಕೇಳ್ತೀನಿ, ನನ್ನದು ಕೇಳೋರು ಯಾರೂ ಇಲ್ಲ."

ಡೆಲ್ಬರ್ಟ್‌ಗೆ ನಗು ಬರಬೇಕಿತ್ತು, ಬರಲಿಲ್ಲ.

ಕೊನೆಗೆ ನೋರೀನ್. ಅವಳು ಬಂದದ್ದು ಹೆಜ್ಜೆಯಲ್ಲೇ ಗೊತ್ತಾಯಿತು. ಒದ್ದೆ ಬಟ್ಟೆ ಹಣೆಯ ಮೇಲೆ ಕೂತಿತು. ಬೀಲ್ ಮುಖದ ನೊರೆ ತೊಳೆಯಲು ಹೋಗಿರಬೇಕು, ಸುತ್ತ ಯಾರೂ ಇರಲಿಲ್ಲ. ಅವಳು ಬಟ್ಟೆಯನ್ನು ಎರಡು ಸಲ ಮಗುಚಿ ಹಾಕಿದಳು. ಇವಳು ಹಾಗೆಲ್ಲ ಮಾಡುವವಳಲ್ಲ ಎಂದು ಡೆಲ್ಬರ್ಟ್ ಅಂದುಕೊಳ್ಳುತ್ತಿದ್ದಾಗಲೇ ಅವಳ ಉಸಿರು ಕಿವಿಗೆ ತಾಗಿತು.

"ರಾತ್ರಿ ಊಟಕ್ಕೆ ಕೂತಾಗ ಪೇಪರ್ ಮಡಚಿಡು, ಡೆಲ್. ಇವತ್ತೇನಾಯ್ತು ನೋರೀನ್ ಅಂತ ಕೇಳು. ಕೇಳಿ, ನಾನು ಹೇಳೋದನ್ನ ಕೇಳಿಸ್ಕೋ."

ಅಷ್ಟು ಹೇಳಿ ಬಿಕ್ಕಿ, ತಟ್ಟನೆ ಬಾಯಿಗೆ ಸೆರಗಿನಂತೆ ಏಪ್ರನ್ ತುರುಕಿಕೊಂಡಳು.

ಹನ್ನೊಂದು ವರ್ಷದ ಸಂಸಾರ. ಅವಳಿಗೆ ಹೊಸ ಫ್ರಿಜ್ ಬೇಕೇನೋ, ಅಯೋವಾದ ತವರಿಗೆ ಹೋಗಬೇಕೇನೋ ಎಂದೆಲ್ಲ ಅವನು ಆಗಾಗ ಊಹಿಸಿದ್ದುಂಟು. ಬೇಕಾಗಿದ್ದದ್ದು ಇದು. ಮುಚ್ಚಿದ ರೆಪ್ಪೆಯೊಳಗೆ ನೀರು ತುಂಬಿತು. ಇನ್ನು ಮಲಗಿರುವುದು ಸಾಧ್ಯವಿರಲಿಲ್ಲ. ಡೆಲ್ಬರ್ಟ್ ಒಂದೆರಡು ಸಲ ನರಳಿ, ಕಣ್ಣು ತೆರೆದು, ಇಂಥ ಹೊತ್ತಿಗೆ ಎಲ್ಲರೂ ಹೇಳುವ ಮಾತನ್ನೇ ಹೇಳಿದ.

"ಎಲ್ಲಿದ್ದೀನಿ ನಾನು?"

ಮಿಸೆಸ್ ಮ್ಯಾಗರ್ ಬಾಗಿಲಲ್ಲಿ ಪ್ರತ್ಯಕ್ಷರಾಗಿ, "ನನ್ನ ಬೆಗೋನಿಯಾ ಮೇಲೆ" ಅಂದರು. ಆದರೆ ಮೃದುವಾಗಿ ಅಂದರು.

ಮಧ್ಯಾಹ್ನ ಮೇಜಿನ ಮೇಲೆ ಟ್ಯೂನಾ ಮೀನಿನ ಸ್ಯಾಂಡ್‌ವಿಚ್, ಕಾಫಿ. ರಾತ್ರಿಯವರೆಗೆ ಕಾಯುವ ತಾಳ್ಮೆ ಡೆಲ್ಬರ್ಟ್‌ಗೆ ಇರಲಿಲ್ಲ. ಪಕ್ಕದಲ್ಲಿದ್ದ ಪತ್ರಿಕೆಯನ್ನು ಮಡಚಿ, ಅದರ ಮೇಲೆ ತಾನೇ ಕೂತು, ಕೇಳಿದ:

"ನೋರೀನ್, ಇವತ್ತೇನಾಯ್ತು?"

ಅವಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

"ಏನಂದೆ?"

"ಇವತ್ತಿಂದೇ ಆಗಬೇಕಂತಿಲ್ಲ. ನಿನ್ನೆದೂ ಹೇಳು. ಮೊನ್ನೆದು. ಆ ಬೀಲ್ ಹತ್ರ ಏನು ಹೇಳ್ತೀಯಲ್ಲ, ಅದನ್ನ ನನಗೂ ಹೇಳು."

ಅವಳು ಅವನ ಮುಖವನ್ನು ದಿಟ್ಟಿಸಿ ನೋಡಿದಳು. ನಂಬಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ ಬೆಕ್ಕಿನ ಹಾಗೆ ಅನುಮಾನಿಸಿದಳು. ಆಮೇಲೆ ಮಾತು ಬಂತು. ಮೊದಲು ಸಣ್ಣಸಣ್ಣದು: ಬಸ್ಸಿನಲ್ಲಿ ಸಾಂಟಾ ಮೋನಿಕಾಕ್ಕೆ ಹೋಗಿ ಸಮುದ್ರ ನೋಡುತ್ತಾ ಕೂತು ಬಂದದ್ದು, ಊರ ಹೊಗೆಮಂಜಿಗೆ ಕಣ್ಣುರಿದು ಅತ್ತರೆ ಯಾರಿಗೂ ಗೊತ್ತಾಗದೆ ಅನುಕೂಲವಾದದ್ದು. ಆಮೇಲೆ ದೊಡ್ಡದು.

"ಐದು ವರ್ಷದ ಹಿಂದೆ, ನಮ್ಮ ಮಗು ಉಳೀಲಿಲ್ಲವಲ್ಲ ಡೆಲ್. ಆಸ್ಪತ್ರೇಲಿ ನನಗೆ ಮತ್ತಿನ ಮದ್ದು ಕೊಟ್ಟಿದ್ರು. ಆಗ ಯಾರೋ ಒಬ್ಬಳು ಅಂದಳು, ಇಂಥೋರ ಕೈಲಿ ಏನೂ ಉಳಿಯಲ್ಲ ಬಿಡಿ ಅಂತ. ಅದು ನನಗೆ ನೆನಪೇ ಇರ್ಲಿಲ್ಲ. ಆದರೆ ಐದು ವರ್ಷದಿಂದ ನಾನು ಏನು ಮುಟ್ಟಿದ್ರೂ ಒಳಗಿಂದ ಒಂದು ದನಿ, ನಿನ್ನ ಕೈಲಿ ಉಳಿಯಲ್ಲ, ನಿನ್ನ ಕೈಲಿ ಉಳಿಯಲ್ಲ ಅಂತ. ಬೀಲ್ ಎದುರು ಕೂತು ಅದನ್ನ ಮತ್ತೆ ಮತ್ತೆ ಹೇಳಿ ಹೇಳಿ, ಒಂದು ದಿನ ಅದು ಬರೀ ಒಂದು ಮಾತು ಅನ್ನಿಸ್ತು. ಯಾರೋ ಸುಸ್ತಾದ ಹೆಂಗಸು ಆಡಿದ ಮಾತು. ಅಷ್ಟೆ."

ಮತ್ತಿನಲ್ಲಿದ್ದವಳ ಕಿವಿಗೆ ನಿಜವಾಗಿ ಆ ಮಾತು ಬಿದ್ದಿತ್ತೋ, ದುಃಖವೇ ಅದನ್ನು ಹೊಲಿದುಕೊಂಡಿತ್ತೋ ಡೆಲ್ಬರ್ಟ್‌ಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ, ಇಷ್ಟು ವರ್ಷ ಅದು ಈ ಮೇಜಿನ ಆ ಬದಿಯಲ್ಲೇ ಕೂತಿತ್ತು, ಈ ಬದಿಯಲ್ಲಿ ತಾನು ಬೇಸ್‌ಬಾಲ್ ಫಲಿತಾಂಶ ಓದುತ್ತಿದ್ದ. ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಡೆಲ್ಬರ್ಟ್ ಸುಖಿ. ಆದರೆ ನೋರೀನ್ ಸ್ವಲ್ಪ ಹೊತ್ತು ಅಡ್ಡಾಗಲು ಒಳಗೆ ಹೋದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಮಿಸೆಸ್ ಮ್ಯಾಗರ್ ಕೋಳಿ ಸೂಪಿನ ಪಾತ್ರೆ ಹಿಡಿದು ನಿಂತಿದ್ದರು.

"ಹೇಗಿದ್ದೀಯಪ್ಪಾ ಸ್ಟೋಕ್? ತಲೆ ನೋವಿದೆಯಾ? ಮೈಯಲ್ಲಿ ಏನಾದ್ರೂ... ಮಾಡಬೇಕು ಅಂತ ಅನ್ನಿಸ್ತಿದೆಯಾ?" ಎಂದು ಕೇಳಿ, ಅಂಗಳದಾಚೆಯ ತಮ್ಮ ಚಾವಣಿಯ ಕಡೆ ನೋಡಿ, ಕೂಡಲೇ ಕಣ್ಣು ತಪ್ಪಿಸಿದರು.

ಹೆಂಡತಿಯ ಕೈ ಹಿಡಿದು ಎದ್ದುಬಂದ ಗಂಡಸಿಗೆ ಲೋಕದ ಮೇಲೆಲ್ಲ ಪ್ರೀತಿ ಉಕ್ಕಿರುತ್ತದೆ. ಜತೆಗೆ ಹೂಪಾತಿಯ ಪಾಪ ಬೇರೆ ಚುಚ್ಚುತ್ತಿತ್ತು. ಸ್ವಲ್ಪ ತುಂಟತನವೂ ಸೇರಿಕೊಂಡಿತು. ಡೆಲ್ಬರ್ಟ್ ಬಾಯ್ತುಂಬ ನಕ್ಕು ಹೇಳಿದ:

"ಮಿಸೆಸ್ ಮ್ಯಾಗರ್, ನಿಮ್ಮ ಚಾವಣಿಗೆ ಡಾಂಬರು ಹಚ್ಚಲಾ?"

ಸೂಪು ಅರ್ಧ ಹೊಸ್ತಿಲ ಮೇಲೆ ಚೆಲ್ಲಿತು. ಅವರ ಮುಖ ಸುಣ್ಣದಂತಾಯಿತು. ಗುರುವಾರಗುರುವಾರ ತುಟಿಯಲ್ಲಿ ಮಾತ್ರ ಇದ್ದ ನಂಬಿಕೆ ಆ ಕ್ಷಣದಲ್ಲಿ ಮಂಡಿಗೆ ಇಳಿಯಿತು. "ಬೇಡ, ಬೇಡ" ಎಂದು ಹಿಂದೆ ಹಿಂದೆ ಸರಿದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತು ಅಲ್ಲಿ ಆತ್ಮಸಾಕ್ಷಿಯ ಜತೆ ಜಗಳವಾಡಿರಬೇಕು. ಗೆದ್ದವರು ಯಾರೆಂದು ಅವರು ಡಾಂಬರಿನ ಡಬ್ಬಿ, ಕುಂಚ ಹಿಡಿದು ಮತ್ತೆ ಹೊರಬಂದಾಗ ತಿಳಿಯಿತು.

"ಇರೋದು ಇಷ್ಟೇ ಡಾಂಬರು" ಅಂದರು, ನೆಲ ನೋಡುತ್ತಾ. "ಮುಂಭಾಗಕ್ಕೆ ಸಾಕಾಗುತ್ತೆ. ಹಿಂಭಾಗ ನಾಳೆ ನೋಡೋಣ."

ಹೀಗೆ ಬೆಳಿಗ್ಗೆ ಮರದಿಂದ ಬಿದ್ದವನು ಮಧ್ಯಾಹ್ನ ಸೂರಿನ ಮೇಲಿದ್ದ. ಬಿಸಿಲು ಬಾಣಲೆಯ ಹಾಗೆ ಕಾದಿತ್ತು. ಬೆವರು ಒರೆಸಲು ಅವನು ನಗು ನಿಲ್ಲಿಸಿದರೆ ಸಾಕು, ಕೆಳಗೆ ನಿಂತ ಮಿಸೆಸ್ ಮ್ಯಾಗರ್ ಎದೆ ಹಿಡಿದುಕೊಳ್ಳುತ್ತಿದ್ದರು. ಆಜ್ಞೆ ಎಲ್ಲಿ ಅರ್ಧಕ್ಕೇ ಮುರಿದು ಇವನ ತಲೆಗೆ ಏನಾದರೂ ಆಗುತ್ತದೋ ಎಂಬ ಭಯ. ಪಾಪ ಎನ್ನಿಸಿ ಡೆಲ್ಬರ್ಟ್ ಮತ್ತೆ ಹಲ್ಲು ಬಿಡುತ್ತಿದ್ದ.

ಅದನ್ನು ನೋಡಲು ಬೀಲ್ ಬಂದ. ಮುಖದ ಒಂದು ಕೆನ್ನೆ ಮಾತ್ರ ಕ್ಷೌರವಾಗಿತ್ತು. ಏಣಿಯ ಬುಡದಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, "ಸ್ಟೋಕ್, ನಿನಗೆ ಪುರುಸೊತ್ತಿದ್ರೆ..." ಅಂದ.

"ಹೇಳಿ ಮಿಸ್ಟರ್ ಬೀಲ್, ಕೇಳ್ತಿದ್ದೀನಿ."

ಹೇಳಿ ಎಂದ ಮೇಲೆ ಕೇಳಬೇಕೇ! ಬೀಲ್ ಸೃಷ್ಟಿಯ ಆದಿಯಿಂದ ಹಿಡಿದ. ಕೋಟ್ಯಂತರ ಕೋಟಿ ವರ್ಷಗಳ ಹಿಂದೆ ಥೇಟನ್‌ಗಳು ಆಟಕ್ಕೆಂದು ಲೋಕಗಳನ್ನು ಕಟ್ಟಿದ್ದು, ಆಡುತ್ತ ಆಡುತ್ತ ಅದು ಆಟವೆಂಬುದನ್ನೇ ಮರೆತು ತಮ್ಮನ್ನು ಬರೀ ಮೂಳೆ ಮಾಂಸ ಎಂದುಕೊಂಡದ್ದು. ಅಲ್ಲಿಂದ ಹೇಗೋ ಮಾತು ಇಳಿಯುತ್ತ ಇಳಿಯುತ್ತ ಬಂದು, ವಿಮಾನದ ಕಾರ್ಖಾನೆಗೆ ಬಂದು, ಅವನ ಹೆಂಡತಿಗೆ ಬಂತು.

"ವೀಡಾ ಹೋಗಿ ಆರು ವರ್ಷ. ಸತ್ತಳು ಅಂತಾರೆ. ನಾನು ನಂಬಲ್ಲ ಕಣಯ್ಯಾ. ಎಲ್ಲೋ ಈಗ ಪುಟ್ಟ ಹುಡುಗಿಯಾಗಿ ಕುಂಟೇಬಿಲ್ಲೆ ಆಡ್ತಿರ್ತಾಳೆ. ಬೀದೀಲಿ ಆ ವಯಸ್ಸಿನ ಮಕ್ಕಳನ್ನ ಕಂಡರೆ ನಾನು ಟೋಪಿ ತೆಗೀತೀನಿ. ನಗಬೇಡ."

"ನಗ್ತಿಲ್ಲ" ಅಂದ ಡೆಲ್ಬರ್ಟ್. ನಿಜಕ್ಕೂ ನಗು ಮರೆತಿದ್ದ. ಮಿಸೆಸ್ ಮ್ಯಾಗರ್ ಅತ್ತಲಿಂದ ಎದೆ ಹಿಡಿದುಕೊಂಡು ಸನ್ನೆ ಮಾಡಿದರು. ಅವನು ತಟಕ್ಕನೆ ಹಲ್ಲು ಬಿಟ್ಟ.

ಸರಿಯಾಗಿ ಆ ಗಳಿಗೆಯಲ್ಲಿ ನೋರೀನ್ ಅಂಗಳಕ್ಕೆ ಬಂದಳು. ಕಂಡದ್ದಿಷ್ಟು: ಬೆಳಿಗ್ಗೆ ತಲೆಗೆ ಪೆಟ್ಟು ಬಿದ್ದ ಗಂಡ ಸುಡುಬಿಸಿಲಲ್ಲಿ ಬಾಡಿಗೆ ಒಡತಿಯ ಚಾವಣಿಯ ಮೇಲೆ ಕೂತು, ಮೈಯೆಲ್ಲ ಕಪ್ಪು ಮಾಡಿಕೊಂಡು, ಇಷ್ಟು ವರ್ಷ ಕಂಡರೆ ಓಡಿಹೋಗುತ್ತಿದ್ದ ಬೀಲ್‌ನ ಪುರಾಣವನ್ನು ತಲೆಯಾಡಿಸಿ ಕೇಳುತ್ತ, ಗೊಂಬೆಯ ಹಾಗೆ ನಗುತ್ತಿದ್ದಾನೆ.

"ಇವನು ಯಾರು ಏನು ಹೇಳಿದ್ರೂ ಮಾಡ್ತಿದ್ದಾನೆ!" ಅವಳು ಕಿರುಚಿದಳು. "ಇವನು ಇವನಲ್ಲ! ನಾನು ಮಾಡಿದ್ದು ಇದು. ಇವನು ಎಚ್ಚರ ತಪ್ಪಿ ಬಿದ್ದಿದ್ದಾಗ ನಾನೇ ಇವನ ಕಿವೀಲಿ ಮಾತಾಡಿಬಿಟ್ಟೆ!"

ಮಿಸೆಸ್ ಮ್ಯಾಗರ್ ಡಬ್ಬಿಯ ಮುಚ್ಚಳ ಹುಡುಕತೊಡಗಿದರು. ಬೀಲ್ ಕ್ಷೌರವಾಗದ ಕೆನ್ನೆ ಕೆರೆದುಕೊಂಡ.

"ನನಗೆ ಯಾರೋ ಮಾಡಿದ್ದನ್ನ ನಾನು ನನ್ನ ಗಂಡನಿಗೆ ಮಾಡಿದೆ" ಎಂದು ನೋರೀನ್ ಏಣಿಯ ಬುಡದಲ್ಲಿ ಕುಸಿದು ಕೂತಳು. "ಮಿಸ್ಟರ್ ಬೀಲ್, ದಮ್ಮಯ್ಯ, ಅದನ್ನ ಅಳಿಸಿಬಿಡಿ."

ಬೀಲ್‌ನ ಹಾಲ್‌ನಲ್ಲಿ ಪರದೆ ಎಳೆದಿದ್ದರು. ಮೇಜಿನ ಮೇಲೆ ಮೀಟರ್, ಅದರಿಂದ ಹೊರಟ ತಂತಿಗಳ ತುದಿಗೆ ಎರಡು ಖಾಲಿ ಸೂಪ್ ಡಬ್ಬಿ. ಡೆಲ್ಬರ್ಟ್ ಕೈಗೊಂದರಂತೆ ಅವನ್ನು ಹಿಡಿದು, ಹಾಲು ಕರೆಯಲು ಕೂತು ಎಮ್ಮೆ ಕಾಣದವನ ಹಾಗೆ ಕೂತಿದ್ದ. ಎದುರಿಗೆ ಬೀಲ್. ಹಿಂದೆ ಸೋಫಾದಲ್ಲಿ ನೋರೀನ್, ಮಿಸೆಸ್ ಮ್ಯಾಗರ್.

"ಬೆಳಿಗ್ಗೆ ಬಿದ್ದ ಗಳಿಗೆಗೆ ಹೋಗು" ಅಂದ ಬೀಲ್. "ಏನು ಕೇಳಿಸ್ತಿದೆ?"

ಡೆಲ್ಬರ್ಟ್ ಡಬ್ಬಿಗಳನ್ನು ಹಿಡಿದುಕೊಂಡೇ ಹಿಂದೆ ತಿರುಗಿದ. ಸತ್ಯ ಹೇಳಿದರೆ ಎಲ್ಲ ನೇರವಾಗುತ್ತದೆ ಎಂದು ಅವನು ನಿಜವಾಗಿ ನಂಬಿದ್ದ.

"ನೋರೀನ್, ನಾನು ಮೂರ್ಛೆ ಹೋಗಿರಲೇ ಇಲ್ಲ. ಪೂರ್ತಿ ಎಚ್ಚರ ಇದ್ದೆ. ಬೈಗುಳಕ್ಕೆ ಹೆದರಿ ಕಣ್ಣು ಮುಚ್ಕೊಂಡಿದ್ದೆ ಅಷ್ಟೆ. ನೀನು ಹೇಳಿದ್ದು ಕೇಳಿಸ್ತು. ಮಧ್ಯಾಹ್ನ ನಾನಾಗಿ ನಾನೇ ಕೇಳಿದೆ, ಯಾವ ಆಜ್ಞೆಯೂ ಅಲ್ಲ."

ನೋರೀನ್ ಕಣ್ಣಲ್ಲಿ ಒಂದು ಬೆಳಕು ಮಿಂಚಿ, ಆರಿತು.

"ಎಚ್ಚರ ಇದ್ದೆ ಅಂತಲೇ ಎಲ್ಲರಿಗೂ ಅನ್ನಿಸೋದು ಡೆಲ್. ನನಗೂ ಆಸ್ಪತ್ರೇಲಿ ಹಾಗೇ ಅನ್ನಿಸಿತ್ತು. ಸರಿ, ಎಚ್ಚರ ಇದ್ದೆ ಅನ್ನು. ಆ ಚಾವಣಿ ಮೇಲೆ ಯಾಕೆ ಹೋದೆ? ಯಾರಾದ್ರೂ ಹೇಳಿದ್ರಾ?"

ಡೆಲ್ಬರ್ಟ್ ಬಾಯಿ ತೆರೆದ. ಮಿಸೆಸ್ ಮ್ಯಾಗರ್ ಕಡೆ ನೋಡಿದ. ಯಾವ ಸಮುದ್ರದಲ್ಲೂ ಹಡಗು ನಡೆಸಿದವರ ಮುಖ ಅದಾಗಿರಲಿಲ್ಲ. ಬೆಲ್ಲ ಕದ್ದು ಸಿಕ್ಕಿಬಿದ್ದ ಮಗುವಿನ ಮುಖವಾಗಿತ್ತು. ಬೀಲ್ ಕಡೆ ತಿರುಗಿದ. ಆ ಮುದುಕ ಮೀಟರಿನ ತಿರುಪನ್ನು ಸುಮ್ಮಸುಮ್ಮನೆ ಅತ್ತಿತ್ತ ತಿರುಗಿಸುತ್ತಿದ್ದ. ಇಡೀ ವಠಾರದ ಗುಟ್ಟು ಕೇಳಿಸಿಕೊಂಡು ಯಾರಿಗೂ ಹೇಳದ ಮನುಷ್ಯ. ಇವನು ಮೂರ್ಛೆ ಹೋದವನ ಕಿವಿಯಲ್ಲಿ ತನ್ನ ಒಂಟಿತನ ತೋಡಿಕೊಂಡ ಎಂದು ಗೊತ್ತಾದರೆ ಮುಂದಿನ ಗುರುವಾರ ಇಲ್ಲಿ ಒಬ್ಬರೂ ಕೂರುವುದಿಲ್ಲ. ಮಿಸೆಸ್ ಮ್ಯಾಗರ್ ಅಂತೂ ತಲೆಯೆತ್ತಿ ನಡೆಯುವುದಿಲ್ಲ.

"ಯಾರೂ ಹೇಳಲಿಲ್ಲ" ಅಂದ ಡೆಲ್ಬರ್ಟ್.

ಮೀಟರಿನ ಸೂಜಿ ಹಾವು ಕಂಡ ಕಪ್ಪೆಯಂತೆ ಅತ್ತ ನೆಗೆಯಿತು. ಬೀಲ್ ಅದರ ಗಾಜಿನ ಮೇಲೆ ಅಂಗೈ ಇಟ್ಟು ಮುಚ್ಚಿದ.

"ಸೂಜಿ ಶಾಂತವಾಗಿದೆ" ಅಂದ, ಯಾರ ಮುಖವನ್ನೂ ನೋಡದೆ.

"ನೋಡಿದ್ರಾ" ನೋರೀನ್ ಬಿಕ್ಕಿದಳು. "ಯಾರೂ ಹೇಳದೇನೇ ಹೋಗಿ ಕೂತಿದ್ದಾನೆ. ಹನ್ನೊಂದು ವರ್ಷದಲ್ಲಿ ನಮ್ಮನೆ ನಲ್ಲಿ ರಿಪೇರಿ ಮಾಡದೋನು! ಹನ್ನೊಂದು ವರ್ಷದಲ್ಲಿ ಒಂದಿನ ಏನಾಯ್ತು ನೋರೀನ್ ಅಂತ ಕೇಳದೋನು, ಇವತ್ತು ನಾನು ಕಿವೀಲಿ ಹೇಳಿದ ಮೇಲೆ, ಹೇಳಿದ ಹಾಗೇ ಕೇಳಿದ. ಪೇಪರ್ ಕೂಡ ಮಡಚಿಟ್ಟ. ನನ್ನ ಡೆಲ್ ನನಗೆ ಗೊತ್ತಿಲ್ವಾ? ತಾನಾಗಿ ಕೇಳೋ ಪೈಕಿ ಅಲ್ಲ ಅವನು."

ಡೆಲ್ಬರ್ಟನ ವಿರುದ್ಧ ಸಾಕ್ಷಿ ನುಡಿಯುತ್ತಿದ್ದದ್ದು ಅವನದೇ ಹನ್ನೊಂದು ವರ್ಷ.

ಅಳಿಸುವ ಕೆಲಸ ಸಂಜೆಯತನಕ ನಡೆಯಿತು. "ಹೇಳು" ಎನ್ನುತ್ತಿದ್ದ ಬೀಲ್. "ಇವತ್ತೇನಾಯ್ತು ನೋರೀನ್" ಎನ್ನುತ್ತಿದ್ದ ಡೆಲ್ಬರ್ಟ್. "ಮತ್ತೆ ಹೇಳು." "ಇವತ್ತೇನಾಯ್ತು ನೋರೀನ್." ಒಂದು ಮಾತನ್ನು ಹಾಗೆ ಅಗಿದರೆ ಅದು ಕಬ್ಬಿನ ಸಿಪ್ಪೆಯಾಗುತ್ತದೆ. ಕೊನೆಕೊನೆಗೆ ಅದರಲ್ಲಿ ರಸವಿರಲಿ, ಅರ್ಥವೂ ಉಳಿಯಲಿಲ್ಲ. ಅವನು ಸುಸ್ತಾಗಿ ನಿಜವಾಗಿಯೂ ಒಮ್ಮೆ ಆಕಳಿಸಿದ.

"ಆಕಳಿಕೆ ಬಂತು!" ಮಿಸೆಸ್ ಮ್ಯಾಗರ್ ಚಪ್ಪಾಳೆ ತಟ್ಟಿದರು. "ಅಚ್ಚು ಬಿಟ್ಟುಹೋಗೋ ಲಕ್ಷಣ ಅದು!"

ಬೀಲ್ ಆಕಳಿಕೆಯನ್ನು ನೋಡಿ ಮುಖ ಸಣ್ಣದು ಮಾಡಿಕೊಂಡು, "ಹೌದು. ಹೋಯ್ತು" ಅಂದ. ಬಾಗಿಲವರೆಗೆ ಬಂದು ಡೆಲ್ಬರ್ಟನ ಕೈ ಹಿಡಿದು ಕುಲುಕಿದ. ಆಮೇಲೆ ಒಳಗೆ ಹೋದ.

ಮನೆಗೆ ಹೋಗುತ್ತ ನೋರೀನ್ ಅವನ ತೋಳು ಹಿಡಿದಿದ್ದಳು. ಕಾಯಿಲೆಯಿಂದ ಎದ್ದವನನ್ನು ಹಿಡಿಯುವ ಹಾಗೆ.

"ಇನ್ನು ನೀನು ನೀನೇ ಡೆಲ್. ನನ್ನ ಆಸೆಗೆ ನಿನ್ನ ಕಟ್ಟಿಹಾಕೋಕೆ ನನಗೆ ಹಕ್ಕಿಲ್ಲ. ಕೇಳಬೇಕು ಅಂತೇನೂ ಇಲ್ಲ ಇನ್ನು. ನೆಮ್ಮದಿಯಾಗಿ ಪೇಪರ್ ಓದು."

ಕೊಚ್ಚಿದ ಮಾಂಸದ ಲೋಫು, ಬೇಯಿಸಿದ ಆಲೂಗಡ್ಡೆ ಮೇಜಿಗೆ ಬಂದವು. ಪತ್ರಿಕೆಯನ್ನು ಅವಳೇ ತಂದು ಅವನ ತಟ್ಟೆಯ ಪಕ್ಕ ಇಟ್ಟಳು. ಇಬ್ಬರೂ ತಿಂದರು. ಡೆಲ್ಬರ್ಟ್ ಹೆಂಡತಿಯನ್ನು ನೋಡಿದ. ಅತ್ತು ಕಣ್ಣು ಊದಿತ್ತು, ಹಣೆಗೆ ಡಾಂಬರಿನ ಒಂದು ಚುಕ್ಕೆ ಹತ್ತಿತ್ತು. ಈ ಹೆಂಗಸು ಇವತ್ತು ಇಡೀ ದಿನ ತನಗೋಸ್ಕರ ಏನೇನು ಪಟ್ಟಳು, ಒಳಗೆ ಏನೇನು ಅಂದುಕೊಂಡಳು, ತನಗೆ ಕಾಲುಭಾಗವೂ ಗೊತ್ತಿಲ್ಲ ಅನ್ನಿಸಿತು. ತಿಳಿಯದಿದ್ದರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ ಅನ್ನಿಸಿತು. ಬಾಯಿ ಮುಚ್ಚಿಕೊಂಡಿರಬೇಕೆಂದು ಅವನು ನಿಜಕ್ಕೂ ಪ್ರಯತ್ನ ಮಾಡಿದ. ಆಲೂಗಡ್ಡೆಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ಅದು ಇಳಿದ ಕೂಡಲೇ ಮಾತು ತಾನಾಗಿ ಹೊರಬಿತ್ತು.

"ನೋರೀನ್, ಇವತ್ತೇನಾಯ್ತು?"

ಅವಳು ಕಲ್ಲಾದಳು. ಆಮೇಲೆ ನಿಧಾನವಾಗಿ ಎದ್ದು, ಬಂದು, ಅವನ ಹಣೆ ಮುಟ್ಟಿ ನೋಡಿದಳು. ಆ ಅಂಗೈಯಲ್ಲಿ ಎಷ್ಟೊಂದು ಪ್ರೀತಿ ಇತ್ತೆಂದರೆ ಡೆಲ್ಬರ್ಟ್ ಕಣ್ಣು ಮುಚ್ಚಿಕೊಂಡ.

"ಹೆದರಬೇಡ ಡೆಲ್" ಅಂದಳು. "ಪೂರ್ತಿ ಹೋಗೋ ತನಕ ನಾನು ಬಿಡಲ್ಲ."

ಗೋಡೆಯ ಹತ್ತಿರ ಹೋಗಿ ಫೋನು ಎತ್ತಿದಳು.

"ಮಿಸ್ಟರ್ ಬೀಲ್? ನಾನು ನೋರೀನ್. ಹೋಗಿಲ್ಲ, ಇನ್ನೂ ಇದೆ. ಇಲ್ಲ, ಅವನ ಬಗ್ಗೆ ಆಮೇಲೆ ಹೇಳ್ತೀನಿ, ಮೊದಲು ನನ್ನದು ಸ್ವಲ್ಪ ಕೇಳ್ತೀರಾ? ಇವತ್ತೇನಾಯ್ತು ಅಂದ್ರೆ..."

ಅವಳು ಗೋಡೆಗೆ ಒರಗಿ, ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬೆಳಿಗ್ಗೆಯಿಂದ ಶುರುಮಾಡಿ, ಹೆದರಿದ್ದು, ಖುಷಿಪಟ್ಟದ್ದು, ಮಧ್ಯಾಹ್ನ ಕೈ ಹಿಡಿದಾಗ ಎದೆಯಲ್ಲಿ ಆದದ್ದು, ಒಂದೂ ಬಿಡದೆ ಹೇಳುತ್ತ ಹೋದಳು. ಮೇಜಿನ ಈ ಬದಿಯಲ್ಲಿ ಡೆಲ್ಬರ್ಟ್ ಗಲ್ಲಕ್ಕೆ ಕೈಕೊಟ್ಟು ಕೂತು, ಉಸಿರು ಬಿಗಿಹಿಡಿದು, ಎಲ್ಲವನ್ನೂ ಕೇಳಿಸಿಕೊಂಡ. ಮಧ್ಯ ಒಂದು ಸಲವೂ ಬಾಯಿ ಹಾಕಲಿಲ್ಲ.